ಸಂಕಲನ: ಕೂಡುವ ಲೆಕ್ಕದಿಂದ ಟೈಮ್‌ಲೈನಿಗೆ

ಸಿನಿಮಾ ತೆರೆಯ ಮೇಲೆ ‘ಸಂಕಲನ’ ಎಂದರೆ ಎಡಿಟಿಂಗ್. ಶಾಲೆಯ ಗಣಿತದಲ್ಲಿ ಅದೇ ಮಾತು ಕೂಡುವ ಲೆಕ್ಕ. ಪುಸ್ತಕದಂಗಡಿಯಲ್ಲಿ ಕೇಳಿದರೆ ಕವನ ಸಂಕಲನ, ಕಥಾ ಸಂಕಲನ. ಮೂರಕ್ಕೂ ಬೇರು ಒಂದೇ. ಸಂಸ್ಕೃತದ ‘ಕಲ್’ ಧಾತುವಿಗೆ ಎಣಿಸು ಎಂಬ ಅರ್ಥವೂ ಇದೆ, ಅಟ್ಟು ಎಂಬ ಅರ್ಥವೂ ಇದೆ. ಹಿಂದೆ ‘ಸಂ’ ಬಂದರೆ ಒಂದೆಡೆಗೆ ತರುವುದು, ರಾಶಿ ಹಾಕುವುದು, ಕೂಡಿಸುವುದು. ನಮ್ಮ ‘ಕಲಸು’ ಕಿವಿಗೆ ಇದರ ನಂಟನಂತೆ ಕೇಳಿಸುತ್ತದೆ, ಆದರೆ ಅದು ದ್ರಾವಿಡ ಮೂಲದ್ದು.

ಈ ಪದದ ಹಳೆಯ ಬದುಕಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ 9ನೇ ಶತಮಾನದ್ದು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ‘ಸಂಕಲಿತ’ ಎಂದರೆ ಬರಿಯ ಎರಡು ಸಂಖ್ಯೆಗಳ ಕೂಡಿಕೆಯಲ್ಲ, ಒಂದು ಶ್ರೇಢಿಯ ಪೂರ್ತಿ ಮೊತ್ತ. ಅದರ ಪಕ್ಕದಲ್ಲೇ ‘ವ್ಯುತ್ಕಲಿತ’ವಿದೆ: ಶ್ರೇಢಿಯ ಮೊದಲ ಕೆಲವು ಪದಗಳನ್ನು ತೆಗೆದುಹಾಕಿ, ಉಳಿದವುಗಳ ಮೊತ್ತ ಕಾಣುವುದು. ಇಂದಿನ ಎಡಿಟರ್ ‘ಟ್ರಿಮ್’ ಎನ್ನುವಾಗ ಮಾಡುವುದು ಹೆಚ್ಚುಕಡಿಮೆ ಇದನ್ನೇ. ಕ್ಲಿಪ್ಪಿನ ತಲೆಯನ್ನೋ ಬಾಲವನ್ನೋ ಕಳೆಯುತ್ತಾನೆ, ಅವನ ಕಣ್ಣು ಮಾತ್ರ ಉಳಿದದ್ದರ ಮೇಲಿರುತ್ತದೆ. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರು ಸಂಕಲಿತ, ವ್ಯವಕಲಿತ ಎಂಬ ಜೋಡಿಯನ್ನು ಸರಳ ಕೂಡು, ಕಳೆಗೆ ಬಳಸಿದರು. ನಮ್ಮ ಪಠ್ಯಪುಸ್ತಕದ ಸಂಕಲನ, ವ್ಯವಕಲನಗಳು ಆ ಜೋಡಿಯ ಮುಂದುವರಿಕೆ.

ಇಂಗ್ಲಿಷ್ ಸಿನಿಮಾದವರ ಬಾಯಲ್ಲಿ ಈ ಕಸುಬಿಗೆ ‘ಕಟ್’ ಎಂಬ ಕತ್ತರಿಯ ಮಾತೇ ಮುಂದು. ಮರಾಠಿಯವರು ನಮ್ಮ ಹಾಗೆ ಸಂಕಲನ ಎಂದರು. ತೆಲುಗಿನವರು ಕೂರ್ಪು ಎಂದರು, ತಮಿಳರು ಪಡತ್ತೊಗುಪ್ಪು ಎಂದರು. ಎಲ್ಲವೂ ಜೋಡಣೆಯ, ಒಟ್ಟುಗೂಡಿಕೆಯ ಹೆಸರುಗಳು. ಕತ್ತರಿ ಕಣ್ಣಿಗೆ ಬೀಳುವ ಹತ್ಯಾರ ನಿಜ, ಆದರೆ ಕೆಲಸದ ಗುರಿಯನ್ನು ಹಿಡಿದದ್ದು ನಮ್ಮ ಭಾಷೆಗಳೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಫಿಲ್ಮಿನ ಕಾಲದಲ್ಲಿ ಕತ್ತರಿಸುವುದು, ಅಂಟಿಸುವುದು ಎರಡೂ ಕೈಕೆಲಸವೇ ಆಗಿದ್ದವು. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳು, ಒಂದು ಸೆಕೆಂಡಿಗೆ 24. ಸಾಫ್ಟ್‌ವೇರ್ ಬಂದ ಮೇಲೆ ಏನೂ ತುಂಡಾಗುವುದಿಲ್ಲ. ಮೂಲ ಫೈಲ್ ಹಾಗೆಯೇ ಇರುತ್ತದೆ. ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕು ಎಂಬ ಗುರುತು ಮಾತ್ರ ಸರಿಯುತ್ತದೆ. ‘ರಿಪಲ್’ ಟ್ರಿಮ್‌ನಲ್ಲಿ ಕಳೆದಷ್ಟೂ ಮುಂದಿನ ಕ್ಲಿಪ್ಪುಗಳು ಹಿಂದಕ್ಕೆ ಸರಿದು, ಚಿತ್ರದ ಒಟ್ಟು ಉದ್ದ ಕಡಿಮೆಯಾಗುತ್ತದೆ. ‘ರೋಲ್’ನಲ್ಲಿ ಒಂದು ಕ್ಲಿಪ್ ಹತ್ತು ಫ್ರೇಮ್ ಬಿಟ್ಟುಕೊಟ್ಟರೆ ಪಕ್ಕದ್ದು ಅದೇ ಹತ್ತನ್ನು ಪಡೆಯುತ್ತದೆ, ಮೊತ್ತ ಬದಲಾಗದು. ‘ಸ್ಲಿಪ್’ನಲ್ಲಿ ಕ್ಲಿಪ್ಪಿನ ಜಾಗವೂ ಉದ್ದವೂ ಕದಲುವುದಿಲ್ಲ, ಒಳಗಿನ ದೃಶ್ಯಭಾಗ ಮಾತ್ರ ಜಾರುತ್ತದೆ. ಸಂಕಲನ, ವ್ಯವಕಲನಗಳೆರಡೂ ಒಂದೇ ಎಳೆತದಲ್ಲಿ ನಡೆಯುವುದು ರೋಲ್‌ನಲ್ಲಿ.

ಇನ್ನು ಚಿತ್ರಕ್ಕೆ ಧ್ವನಿ ಹೊಂದಿಸುವ ಕೆಲಸ. ಕ್ಲ್ಯಾಪ್ ಬೋರ್ಡಿನ ಎರಡು ಪಟ್ಟಿಗಳು ಕೂಡಿದ ಫ್ರೇಮನ್ನು ಹುಡುಕಿ, ಧ್ವನಿಯ ಅಲೆಯಲ್ಲಿ ಆ ‘ಟಪ್’ ಸದ್ದಿನ ಮೊನೆಗೆ ನೇರ ಮಾಡುತ್ತಾರೆ. ಕೆಲವೇ ಫ್ರೇಮ್ ಆಚೀಚೆಯಾದರೂ ತುಟಿಯೊಂದು, ಮಾತೊಂದು ಆಗುತ್ತದೆ. ಎಡಿಟಿಂಗ್ ಕೋಣೆಯಲ್ಲಿ ಈ ಹೊಂದಿಕೆಗೆ ‘ಸಿಂಕ್’ ಎನ್ನುತ್ತಾರೆ. ಟ್ರಿಮ್, ಸಿಂಕ್‌ಗಳು ಅಲ್ಲಿ ಹೀಗೆಯೇ ಓಡಾಡಿಕೊಂಡಿರಲಿ. ಇಡೀ ಕಸುಬಿಗೆ ಮಾತ್ರ ಸಂಕಲನ ಎಂಬ ಹೆಸರು ತೆರೆಯಿಂದಿಳಿದು ಕೋಣೆಯೊಳಗಿನ ಮಾತಿಗೂ ಬರಬೇಕೆಂಬುದು ನನ್ನ ಆಸೆ.