ಲೂಯಿಸಿಯಾನಾದ ಫ್ರೆಂಚ್ ನುಡಿ

೧೬೮೨ನೆಯ ಇಸವಿಯಲ್ಲಿ ಲಾ ಸಾಲ್ ಎಂಬ ಫ್ರೆಂಚ್ ಸಾಹಸಿಯು ಮಿಸಿಸಿಪಿ ನದಿಯು ಕಡಲನ್ನು ಸೇರುವೆಡೆಯನ್ನು ಮುಟ್ಟಿ, ಆ ನಾಡಿಗೆ ತನ್ನ ದೊರೆಯಾದ ಹದಿನಾಲ್ಕನೆಯ ಲೂಯಿಯ ಹೆಸರನ್ನಿಟ್ಟನು. ೧೭೧೮ರಲ್ಲಿ ನ್ಯೂ ಆರ್ಲಿಯನ್ಸ್ ನಗರವು ಹುಟ್ಟಿತು. ೧೭೫೫ರಿಂದ ಆಂಗ್ಲರು ಅಕೇಡಿಯಾದಿಂದ ಹೊರದೂಡಿದ ಫ್ರೆಂಚ್ ಬೇಸಾಯಗಾರರಲ್ಲಿ ಅನೇಕರು ಮುಂದೆ ಇಲ್ಲಿ ನೆಲಸಿದರು. ಕೇಜನ್ನರು ಇವರ ಸಂತತಿಯವರು. ೧೮೦೩ರಲ್ಲಿ ನೆಪೋಲಿಯನ್ನನು ಈ ಸೀಮೆಯನ್ನು ಒಂದೂವರೆ ಕೋಟಿ ಡಾಲರುಗಳಿಗೆ ಅಮೆರಿಕಕ್ಕೆ ಮಾರಿದನು. ರಾಜ್ಯವು ಪರರದಾದರೂ ಅನೇಕರ ಮನೆಮಾತು ಫ್ರೆಂಚೇ ಆಗಿತ್ತು.

ಆದರೆ ೧೯೨೧ರ ರಾಜ್ಯಾಂಗವಿಧಾನವು ಶಾಲೆಗಳಲ್ಲಿ ಇಂಗ್ಲಿಷೊಂದನ್ನೇ ವಿಧಿಸಿತು. ಫ್ರೆಂಚನ್ನಾಡಿದ ಮಕ್ಕಳು ದಂಡನೆಗೊಳಗಾದರು. ಆ ಮಕ್ಕಳು ತಾವು ತಂದೆತಾಯಿಗಳಾದಾಗ, ತಾವುಂಡ ನೋವು ಕೂಸುಗಳಿಗೆ ಬೇಡವೆಂದು ಆ ನುಡಿಯನ್ನು ಕಲಿಸದಾದರು. ೧೯೬೮ರಲ್ಲಿ ಅದೇ ಸಂಸ್ಥಾನವು ಫ್ರೆಂಚಿನ ಪೋಷಣೆಗಾಗಿ ಮಂಡಲಿಯೊಂದನ್ನು ಸ್ಥಾಪಿಸಿತು. ಮಾರ್ಡಿ ಗ್ರಾ ಹಬ್ಬವು ಇಂದಿಗೂ ವೈಭವದಿಂದ ನಡೆಯುತ್ತದೆ. ಆದರೆ ತೊಟ್ಟಿಲ ಬಳಿ ಕೇಳಿಸದ ನುಡಿಯನ್ನು ಹಬ್ಬವೊಂದೇ ಉಳಿಸಲಾರದು.