ಕೆ.ಎಂ. ಕಾರ್ಯಪ್ಪನವರ ಜೀವನಕ್ರಮ: ಕೆಲವು ದಿನಾಂಕಗಳ ಬಗ್ಗೆ ಟಿಪ್ಪಣಿ

1. ವ್ಯಾಪ್ತಿ

ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರ ಬಾಳಿನ ಮುಖ್ಯ ಘಟನೆಗಳ ಬಗ್ಗೆ ವಿವಾದವಿಲ್ಲ. ಆದರೆ ಆ ಘಟನೆಗಳ ದಿನಾಂಕ ಮತ್ತು ಪದನಾಮಗಳು ಬರಹದಿಂದ ಬರಹಕ್ಕೆ ಬದಲಾಗುತ್ತವೆ. ಅಂಥ ಕೆಲವನ್ನು ಇಲ್ಲಿ ಪರಿಶೀಲಿಸಿದೆ. ಇವುಗಳಲ್ಲಿ ಹೆಚ್ಚಿನವು ಬರೆದವರ ಅಲಕ್ಷ್ಯದಿಂದ ಆದವಲ್ಲ, ಒಂದೇ ಘಟನೆಗೆ ಒಂದಕ್ಕಿಂತ ಹೆಚ್ಚು ಅಧಿಕೃತ ದಿನಾಂಕಗಳಿರುವುದರಿಂದ ಆದವು ಎಂಬುದು ಪ್ರಸ್ತುತ ಟಿಪ್ಪಣಿಯ ಅಭಿಪ್ರಾಯ. 1965ರ ಪ್ರಸಂಗ ಮಾತ್ರ ಬೇರೆ ಬಗೆಯದು. ಅದನ್ನು 5ನೇ ಭಾಗದಲ್ಲಿ ಪ್ರತ್ಯೇಕವಾಗಿ ನೋಡಲಾಗಿದೆ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕನ್ನಡ ಬರಹಗಳಲ್ಲಿ ಕಾರ್ಯಪ್ಪ, ಕಾರಿಯಪ್ಪ, ಕರಿಯಪ್ಪ ಎಂಬ ಮೂರೂ ರೂಪಗಳು ಸಿಗುತ್ತವೆ. ಮಡಿಕೇರಿಯಲ್ಲಿ ಅವರ ಹೆಸರು ಹೊತ್ತ ಕಾಲೇಜು ಬಳಸುವ ರೂಪವನ್ನೇ ಇಲ್ಲಿ ಇಟ್ಟುಕೊಂಡಿದೆ. ಕೊಡಂದೇರ ಎಂಬುದು ಒಕ್ಕದ (ಮನೆತನದ) ಹೆಸರು, ಮಾದಪ್ಪ ಎಂಬುದು ತಂದೆಯ ಹೆಸರು. ಮಗ ಏರ್ ಮಾರ್ಷಲ್ ಕೆ.ಸಿ. ಕಾರ್ಯಪ್ಪ, ಬಳಕೆಯ ಹೆಸರು ನಂದಾ. ಮೊದಲಕ್ಷರಗಳನ್ನು ಬಿಟ್ಟ ಸೂಚಿಗಳಲ್ಲಿ ತಂದೆ ಮಗ ಇಬ್ಬರೂ ಒಂದೇ ನಮೂದಿನಲ್ಲಿ ಬೆರೆಯುವ ಸಂಭವವಿದೆ.

2. ಜನನ

ಜನ್ಮದಿನ ಜನವರಿ 28 ಎಂಬುದರಲ್ಲಿ ಬಹುತೇಕ ಒಮ್ಮತವಿದೆ. ವರ್ಷ 1899 ಎನ್ನುವವರು ಹೆಚ್ಚು. 1900 ಎನ್ನುವವರೂ ಇದ್ದಾರೆ. ನಿಧನದ ವೇಳೆ ವಯಸ್ಸು 94 ಎಂದು ಬರೆದವರು 1899ನ್ನು ಆಧರಿಸಿರಲೇಬೇಕು. 1900 ಹಿಡಿದರೆ ವಯಸ್ಸು 93 ಆಗುತ್ತದೆ. 1899ರ ಪ್ರಕಾರ, ಅವರು ಸೇನೆಯ ದಂಡನಾಯಕತ್ವ ವಹಿಸಿಕೊಂಡ 1949ರ ಜನವರಿ 15ರಂದು ಐವತ್ತು ತುಂಬಲು 13 ದಿನ ಬಾಕಿ ಇತ್ತು. ದಿನ ಮತ್ತು ತಿಂಗಳು ಸ್ಥಿರವಾಗಿದ್ದು ವರ್ಷ ಮಾತ್ರ ಅಲುಗುವುದನ್ನು ನೋಡಿದರೆ, 1900 ಎಂಬುದು ಸ್ವತಂತ್ರ ಆಧಾರದಿಂದ ಬಂದದ್ದಕ್ಕಿಂತ ಪ್ರತಿಯಿಂದ ಪ್ರತಿಗೆ ಇಳಿದು ಬಂದದ್ದಿರಬಹುದು. ಇದು ಊಹೆ ಮಾತ್ರ. ಮುಂದೆ 1899ನ್ನೇ ಬಳಸಿದೆ.

ಜನ್ಮಸ್ಥಳ ಶನಿವಾರಸಂತೆ. ತಂದೆ ಕಂದಾಯ ಇಲಾಖೆಯಲ್ಲಿದ್ದರು. ಆರು ಮಕ್ಕಳಲ್ಲಿ ಇವರು ಎರಡನೆಯವರು; ಮನೆಯಲ್ಲಿ ಕರೆಯುತ್ತಿದ್ದ ಹೆಸರು ಚಿಮ್ಮ. ಸೇನೆಯಲ್ಲಿ ಅಂಟಿಕೊಂಡ 'ಕಿಪ್ಪರ್' ಫತೇಗಢದ ದಿನಗಳದು. ಅವರ ಹೆಸರನ್ನು ಉಚ್ಚರಿಸಲಾಗದ ಬ್ರಿಟಿಷ್ ಅಧಿಕಾರಿಯೊಬ್ಬರ ಪತ್ನಿ ಇಟ್ಟದ್ದೆಂದು ಪ್ರತೀತಿ.

'ಕರ್ನಾಟಕದ ಸೇನಾನಿ' ಎಂಬ ವಿಶೇಷಣ ಇಂದಿನ ಗಡಿಗಳನ್ನು ಹಿಂದಕ್ಕೆ ಅನ್ವಯಿಸಿದ್ದು ಎಂಬುದನ್ನು ಮರೆಯಬಾರದು. ಅವರು ಹುಟ್ಟಿದಾಗ ಕೊಡಗು ಚೀಫ್ ಕಮಿಷನರ್ ಆಡಳಿತದ ಪ್ರತ್ಯೇಕ ಪ್ರಾಂತ್ಯ. 1953ರಲ್ಲಿ ಅವರು ನಿವೃತ್ತರಾದಾಗಲೂ ಅದು ಪ್ರತ್ಯೇಕ ರಾಜ್ಯವೇ. ಮೈಸೂರಿನೊಂದಿಗೆ ವಿಲೀನವಾದದ್ದು 1956ರ ನವೆಂಬರ್ 1ರಂದು.

3. ಕಮಿಷನ್: ಮೂರು ದಿನಾಂಕಗಳು

ಅತಿ ಹೆಚ್ಚು ಗೊಂದಲವಿರುವುದು ಇಲ್ಲಿ. ಇಂದೋರಿನ ಡೇಲಿ ಕೆಡೆಟ್ ಕಾಲೇಜಿನಲ್ಲಿ ತರಬೇತಿ ಮುಗಿಸಿದ ಕಾರ್ಯಪ್ಪನವರಿಗೆ ತಾತ್ಕಾಲಿಕ ಕಮಿಷನ್ ದೊರೆತದ್ದು 1919ರ ಡಿಸೆಂಬರ್ 1ರಂದು. ಖಾಯಂ ಕಮಿಷನ್ ದೊರೆತದ್ದು 1922ರ ಸೆಪ್ಟೆಂಬರ್ 9ರಂದು. ಆದರೆ ಅದು ಜಾರಿಗೆ ಬಂದಂತೆ ಪರಿಗಣಿಸಿದ್ದು 1920ರ ಜುಲೈ 17ರಿಂದ.

ಈ ಕೊನೆಯ ದಿನಾಂಕದಂದು ಅವರ ವೃತ್ತಿಜೀವನದಲ್ಲಿ ಏನೂ ನಡೆಯಲಿಲ್ಲ. ಸ್ಯಾಂಡ್‌ಹರ್ಸ್ಟ್‌ನ ರಾಯಲ್ ಮಿಲಿಟರಿ ಕಾಲೇಜಿನಿಂದ ಹೊರಬಂದ ಅಧಿಕಾರಿಗಳ ದಿನಾಂಕ 1920ರ ಜುಲೈ 16. ಇಂದೋರಿನವರನ್ನು ಅವರಿಗಿಂತ ಕಿರಿಯರನ್ನಾಗಿಸಲು ಒಂದು ದಿನದ ಅಂತರ ಸಾಕಾಗಿತ್ತು. ಅಂದರೆ 1919ರ ಡಿಸೆಂಬರ್‌ನಲ್ಲೇ ಸಮವಸ್ತ್ರ ತೊಟ್ಟವರು, 1920ರ ಜುಲೈನಲ್ಲಿ ಬಂದವರಿಗಿಂತ ದಾಖಲೆಯಲ್ಲಿ ಒಂದು ದಿನ ಹಿಂದೆ. (ಜ್ಯೇಷ್ಠತೆಯ ಲೆಕ್ಕವನ್ನು ಆಡಳಿತವು ಎಷ್ಟು ಸೂಕ್ಷ್ಮವಾಗಿ ಬಳಸಬಲ್ಲದು ಎಂಬುದಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ಸಿಗುವುದು ಕಷ್ಟ.)

ಆದ್ದರಿಂದ 'ಕಾರ್ಯಪ್ಪನವರು ಕಮಿಷನ್ ಪಡೆದದ್ದು ಯಾವಾಗ' ಎಂಬ ಪ್ರಶ್ನೆಗೆ 1919, 1920, 1922 ಮೂರೂ ಸರಿಯುತ್ತರಗಳೇ. ಯಾವುದನ್ನು ಕೊಟ್ಟರೂ ಅದು ತಾತ್ಕಾಲಿಕವೇ, ಜ್ಯೇಷ್ಠತೆಯದೇ, ಆದೇಶದ್ದೇ ಎಂದು ಹೇಳಬೇಕು.

ಕ್ಯಾಪ್ಟನ್ ಹುದ್ದೆಯಲ್ಲೂ ಇದೇ ಬಗೆಯ ಎರಡು ವರ್ಷಗಳಿವೆ: ಬಡ್ತಿ 1927ರದು, ಗೆಜೆಟ್ ಪ್ರಕಟಣೆ 1931ರದು.

4. 'ಮೊದಲಿಗ' ಎಂಬ ಹೇಳಿಕೆಗಳು

ನಿಲ್ಲುವವು: ಕ್ವೆಟ್ಟಾ ಸ್ಟಾಫ್ ಕಾಲೇಜಿಗೆ ಆಯ್ಕೆಯಾದ ಮೊದಲ ಭಾರತೀಯ ಅಧಿಕಾರಿ (1933), ಬೆಟಾಲಿಯನ್ ಒಂದರ ನಾಯಕತ್ವ ಪಡೆದ ಮೊದಲ ಭಾರತೀಯ (1942), ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ಪಡೆದು ಸೇನೆಯ ಕಮಾಂಡರ್-ಇನ್-ಚೀಫ್ ಆದ ಮೊದಲ ಭಾರತೀಯ (1949).

ನಿಲ್ಲದಿರುವುದು: 'ಸೇನೆಯ ಮೊದಲ ಭಾರತೀಯ ಅಧಿಕಾರಿ'. ಅವರು ಕಿಂಗ್ಸ್ ಕಮಿಷನ್ ಪಡೆದ ಭಾರತೀಯರ ಆರಂಭದ ತಂಡದವರು. ಅದಕ್ಕೂ ಮುಂಚೆ ಇಂಪೀರಿಯಲ್ ಕೆಡೆಟ್ ಕೋರ್‌ನಿಂದ ಬೇರೆ ಬಗೆಯ, ಸೀಮಿತ ಅಧಿಕಾರದ ಕಮಿಷನ್ ಪಡೆದ ಭಾರತೀಯರಿದ್ದರು. ಇನ್ನು 'ಕಮಾಂಡರ್-ಇನ್-ಚೀಫ್' ಎಂಬ ಪದನಾಮವನ್ನು 1955ರಲ್ಲಿ ಕೈಬಿಡಲಾಯಿತು. ಹಾಗಾಗಿ ಸೇನಾ ಮುಖ್ಯಸ್ಥರ ಪಟ್ಟಿಗಳಲ್ಲಿ ಕಾರ್ಯಪ್ಪನವರ ಹೆಸರು ಒಮ್ಮೊಮ್ಮೆ ಮೊದಲು ಬರುವುದೂ, ಒಮ್ಮೊಮ್ಮೆ ಬಾರದಿರುವುದೂ ಪಟ್ಟಿಯ ಶೀರ್ಷಿಕೆಯನ್ನು ಅವಲಂಬಿಸಿದೆ.

5. 1965ರ ಪ್ರಸಂಗ

ಕುಟುಂಬದ ಹಿರಿಯರಾಗಿ ಕಾರ್ಯಪ್ಪನವರನ್ನು ನೆನೆಯುವಾಗ ಬಹುಶಃ ಎಲ್ಲರೂ ಹೇಳುವ ಪ್ರಸಂಗ ಇದು. ಇದರಲ್ಲಿ ದಿನಾಂಕಗಳು ಗಟ್ಟಿ, ಮಾತುಗಳು ಸಡಿಲ.

ಗಟ್ಟಿಯಾದವು ಇಷ್ಟು. ಮಗ 1965ರ ಸೆಪ್ಟೆಂಬರ್ 22ರಂದು, ಭಾರತ-ಪಾಕಿಸ್ತಾನ ಯುದ್ಧದ ಕದನವಿರಾಮದ ಹಿಂದಿನ ದಿನ, ಹಂಟರ್ ವಿಮಾನದಲ್ಲಿ ಹೋಗಿ ಹೊಡೆತಕ್ಕೆ ಸಿಕ್ಕಿ ಪಾಕಿಸ್ತಾನದಲ್ಲಿ ಯುದ್ಧಕೈದಿಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶವಿಭಜನೆಗೆ ಮುಂಚೆ ಬನ್ನು ಬ್ರಿಗೇಡಿನಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗ ಬಿಡುಗಡೆಯಾದದ್ದು ಸುಮಾರು ನಾಲ್ಕು ತಿಂಗಳ ನಂತರ, 1966ರ ಜನವರಿಯಲ್ಲಿ.

ಸಡಿಲವಾದವು: ಅಯೂಬ್ ಖಾನ್ ಕಳಿಸಿದ ಸಂದೇಶದಲ್ಲಿ ಬಿಡುಗಡೆಯ ಪ್ರಸ್ತಾಪವಿತ್ತೋ, ಕ್ಷೇಮಸಮಾಚಾರ ಮತ್ತು ಉತ್ತಮ ಉಪಚಾರದ ಭರವಸೆ ಮಾತ್ರ ಇತ್ತೋ, ಅದು ಬಂದದ್ದು ರೇಡಿಯೊ ಮೂಲಕವೋ, ರಾಯಭಾರ ಕಚೇರಿಯ ಮೂಲಕವೋ, ಕಾರ್ಯಪ್ಪನವರು ಕೊಟ್ಟ ಉತ್ತರದ ಪದಗಳೇನು. ಕೈದಿಗಳೆಲ್ಲರೂ ತನ್ನ ಮಕ್ಕಳೇ, ಒಬ್ಬನಿಗೆ ವಿಶೇಷ ಸಲ್ಲದು ಎಂಬ ತಿರುಳು ಎಲ್ಲ ಪಾಠಗಳಲ್ಲೂ ಇದೆ. ಉದ್ಧರಣ ಚಿಹ್ನೆಯೊಳಗೆ ಹಾಕಿದ ವಾಕ್ಯಗಳು ಮಾತ್ರ ಒಂದಕ್ಕೊಂದು ಹೊಂದುವುದಿಲ್ಲ. ಬಿಡುಗಡೆಯ ಸಮಯ ಈ ತಿರುಳಿಗೆ ವಿರುದ್ಧವಾಗಿಲ್ಲ: 1966ರ ಜನವರಿ 10ರ ತಾಷ್ಕೆಂಟ್ ಒಪ್ಪಂದದ ಆಸುಪಾಸಿನಲ್ಲಿ ಆದದ್ದು ವೈಯಕ್ತಿಕ ವಿನಾಯಿತಿಯಂತೆ ಕಾಣುವುದಿಲ್ಲ. ಆದರೆ ವಿನಾಯಿತಿ ಸಿಗಲಿಲ್ಲ ಎಂಬುದರಿಂದ ಅದನ್ನು ನೀಡಲು ಮುಂದಾಗಿದ್ದರು ಎಂದು ಸಿದ್ಧವಾಗುವುದಿಲ್ಲ.

ಪಾಠಗಳನ್ನು ಕಾಲಕ್ರಮದಲ್ಲಿ ಜೋಡಿಸಲು ಪದನಾಮಗಳು ನೆರವಾಗಬಹುದು. 1965ರಲ್ಲಿ ತಂದೆ ನಿವೃತ್ತ ಜನರಲ್, ಮಗ ಫ್ಲೈಟ್ ಲೆಫ್ಟಿನೆಂಟ್. ಪ್ರಸಂಗದೊಳಗೇ 'ಫೀಲ್ಡ್ ಮಾರ್ಷಲ್' ಎಂದು ಸಂಬೋಧಿಸುವ ಪಾಠ, ಆ ಪದವಿ ದೊರೆತ 1986ರ ಈಚೆ ರೂಪ ಪಡೆದಿರುವ ಸಾಧ್ಯತೆ ಹೆಚ್ಚು. ಹಳೆಯ ಬರಹವನ್ನು ಮರುಮುದ್ರಿಸುವಾಗ ಪದನಾಮ ತಿದ್ದಿರಬಹುದಾದ್ದರಿಂದ ಈ ಒರೆಗಲ್ಲು ಒಂದರಿಂದಲೇ ತೀರ್ಮಾನಕ್ಕೆ ಬರಲಾಗದು. ಮಗನೇ ಬರೆದ ಜೀವನಚರಿತ್ರೆ (2007) ಘಟನೆಯ ಅತಿ ನಿಕಟ ಸಾಕ್ಷ್ಯ. ಆದರೆ ಸಂದೇಶ ವಿನಿಮಯವಾದಾಗ ಲೇಖಕರು ಸೆರೆಯಲ್ಲಿದ್ದರು. ಆ ಒಂದು ಅಂಶದ ಮಟ್ಟಿಗೆ ಅವರದೂ ಕೇಳಿ ತಿಳಿದ ವಿವರವೇ.

6. 1986

ಫೀಲ್ಡ್ ಮಾರ್ಷಲ್ ಪದವಿಗೆ 1986ರ ಜನವರಿ ಎಂದೂ ಏಪ್ರಿಲ್ 28 ಎಂದೂ ಕಾಣುತ್ತದೆ. ಮೊದಲನೆಯದು ಸೇನಾ ದಿನದ ಹೊತ್ತಿನ ಘೋಷಣೆ, ಎರಡನೆಯದು ರಾಷ್ಟ್ರಪತಿ ಭವನದ ಪ್ರದಾನ ಸಮಾರಂಭ. ಮಾಣೆಕ್‌ಶಾ ಅವರಿಗೂ ಇದೇ ರೀತಿ 1973ರ ಜನವರಿ 1 ಮತ್ತು 3 ಎಂಬ ಎರಡು ದಿನಾಂಕಗಳಿವೆ.

ಘೋಷಣೆಯ ವಿವರದಲ್ಲಿ ಒಂದು ತೊಡಕಿದೆ. ಸೇನಾ ದಿನದಂದು ಅಂದಿನ ಸೇನಾ ಮುಖ್ಯಸ್ಥ ಜನರಲ್ ಸುಂದರ್‌ಜಿ ಅದನ್ನು ಪ್ರಕಟಿಸಿದರು ಎಂಬ ಕಥನ ಪ್ರಚಾರದಲ್ಲಿದೆ. ಸುಂದರ್‌ಜಿ ಮುಖ್ಯಸ್ಥರಾದದ್ದು ಫೆಬ್ರವರಿ 1ರಂದು; ಜನವರಿ 31ರವರೆಗೆ ಆ ಸ್ಥಾನದಲ್ಲಿದ್ದವರು ಜನರಲ್ ಎ.ಎಸ್. ವೈದ್ಯ. ವ್ಯಕ್ತಿ, ಪದನಾಮ, ದಿನಾಂಕ ಈ ಮೂರರಲ್ಲಿ ಯಾವುದಾದರೂ ಒಂದು ತಪ್ಪಿರಬೇಕು. ಹಾಗೆಂದು ಘೋಷಣೆಯನ್ನೇ ಶಂಕಿಸಬೇಕಿಲ್ಲ.

7. ನಿಧನ ಮತ್ತು ಸೇವಾಂತ್ಯ

ನಿಧನ: 1993ರ ಮೇ 15, ಬೆಂಗಳೂರು. ಅಂತ್ಯಸಂಸ್ಕಾರ: ಎರಡು ದಿನಗಳ ನಂತರ, ಮಡಿಕೇರಿ. ಅವರ ಮನೆ ರೋಷನಾರಾ ಇದ್ದದ್ದು ಮಡಿಕೇರಿಯಲ್ಲೇ ಆದ್ದರಿಂದ ಎರಡು ಸ್ಥಳಗಳು ಒಂದಾಗುವುದು ಸುಲಭ. ಬೇರೆಬೇರೆಯಾಗಿ ನಮೂದಿಸುವುದು ಲೇಸು. ಅಂತ್ಯಸಂಸ್ಕಾರಕ್ಕೆ ಮೂರೂ ಪಡೆಗಳ ಮುಖ್ಯಸ್ಥರೊಡನೆ ಫೀಲ್ಡ್ ಮಾರ್ಷಲ್ ಮಾಣೆಕ್‌ಶಾ ಬಂದಿದ್ದರು.

ಸೇವಾಂತ್ಯದ ಅಂಕಣಕ್ಕೆ ಸಾಮಾನ್ಯವಾಗಿ 1953ರ ಜನವರಿ 14 ಎಂದು ಬರೆಯುತ್ತಾರೆ. ಅದು ದಂಡನಾಯಕತ್ವದ ಕೊನೆ, ಆ ಮಟ್ಟಿಗೆ ಸರಿ. ಆದರೆ ಫೀಲ್ಡ್ ಮಾರ್ಷಲ್ ಪದವಿಗೆ ನಿವೃತ್ತಿಯಿಲ್ಲ. ಅದನ್ನು ಪಡೆದವರು ಜೀವಿತಾವಧಿ ಸೇವೆಯಲ್ಲಿರುವವರೆಂದೇ ಗಣನೆ. ಆ ನಿಯಮದಂತೆ, 1953ರಿಂದ 1986ರವರೆಗಿನ ಮೂವತ್ತಮೂರು ವರ್ಷಗಳನ್ನು ಬಿಡುವಾಗಿ ತೋರಿಸಿ, ಸೇವಾಂತ್ಯಕ್ಕೂ 1993ರ ಮೇ 15ನ್ನೇ ನಮೂದಿಸುವುದು ಹೆಚ್ಚು ಸಮರ್ಪಕವೆಂದು ತೋರುತ್ತದೆ.