ಗೆದ್ದೂ ಸೋಲುವ ಜೋಡಿಗಳು

ಬಾಗಿಲು ತಟ್ಟಿದ ಸದ್ದು. ತೆರೆದವನು ಹಾಲೆಂಡ್ ಮಾರ್ಚ್, ಖಾಸಗಿ ಪತ್ತೇದಾರ. ಹೊರಗೆ ನಿಂತವನು ಜಾಕ್ಸನ್ ಹೀಲಿ, ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ ನಾಲ್ಕು ತದುಕಿ ಬರುವ ಆಸಾಮಿ. ಅಮೀಲಿಯಾ ಎಂಬ ಹುಡುಗಿಯ ಬೆನ್ನು ಬಿಡು ಎಂದು ಹೇಳುವುದು ಅವನ ಆ ದಿನದ ಕೆಲಸ. ಮಾತು ಮನದಟ್ಟಾಗಲೆಂದು ಮಾರ್ಚ್‌ನ ಎಡಗೈ ಮುರಿಯುತ್ತಾನೆ. ಮುರಿಯುವ ಮುಂಚೆ, ಡಾಕ್ಟರರ ಹತ್ತಿರ ಏನೆಂದು ಹೇಳಬೇಕು ಎಂಬುದನ್ನೂ ಸಾವಧಾನವಾಗಿ ಹೇಳಿಕೊಡುತ್ತಾನೆ. ಆಮೇಲೆ ಇವರಿಬ್ಬರೂ ಅದೇ ಹುಡುಗಿಯನ್ನು ಹುಡುಕಲು ಜೊತೆಯಾಗಿ ಹೊರಡುತ್ತಾರೆ.

2016ರಲ್ಲಿ ಬಂದ ‘ದಿ ನೈಸ್ ಗೈಸ್’ ಶೇನ್ ಬ್ಲ್ಯಾಕ್ ನಿರ್ದೇಶನದ ಚಿತ್ರ. ಮಾರ್ಚ್ ಆಗಿ ರಯಾನ್ ಗಾಸ್ಲಿಂಗ್, ಹೀಲಿಯಾಗಿ ರಸೆಲ್ ಕ್ರೋ. ಕಥೆಯ ಕಾಲ 1977, ಊರು ಲಾಸ್ ಏಂಜಲೀಸ್. ಗುಡ್ಡದ ಮೇಲಿನ ಹಾಲಿವುಡ್ ಫಲಕವನ್ನು ಹಿಂಬದಿಯಿಂದ ತೋರಿಸುತ್ತ ಚಿತ್ರ ಶುರುವಾಗುತ್ತದೆ. ಅಕ್ಷರಗಳು ಮುರಿದು ಬಿದ್ದಿವೆ, ಕೆಳಗೆ ಊರು ಹೊಗೆಯಲ್ಲಿ ಮುಳುಗಿದೆ. ಆಗ ಆ ಫಲಕ ನಿಜಕ್ಕೂ ಹಾಗೇ ಇತ್ತು. ಹಳೆಯದನ್ನು ತೆಗೆದು ಹೊಸದನ್ನು ನಿಲ್ಲಿಸಿದ್ದು 1978ರಲ್ಲಿ.

ಒಂದು ಕೊಲೆ, ಪರಸ್ಪರ ಸಹಿಸಲಾರದ ಇಬ್ಬರು ಪತ್ತೇದಾರರು, ನಗು, ಕಳೆದುಹೋದ ಒಂದು ಕಾಲ. ಈ ನಾಲ್ಕನ್ನು ಒಟ್ಟಿಗೆ ಬೇಯಿಸುವುದನ್ನು ಹಾಲಿವುಡ್ ಒಂದೇ ದಿನದಲ್ಲಿ ಕಲಿಯಲಿಲ್ಲ. ಕಲಿತ ಮೇಲೂ ಹದ ಸಿಕ್ಕಿದ್ದು ಕೆಲವೇ ಸಲ. ಹಳೇ ಮಾದರಿಯ ಕಾರು, ಅಗಲ ಕಾಲರಿನ ಅಂಗಿ ತಂದು ನಿಲ್ಲಿಸಿದರೆ ಹಳೇ ಕಾಲ ಬಂದುಬಿಡುವುದಿಲ್ಲ. ಅಪರಾಧವೇ ಆ ಕಾಲದ್ದಾಗಿರಬೇಕು. ಕೊನೆಗೆ ಗೆದ್ದವರು ಯಾರು ಎಂಬುದು ಪತ್ತೇದಾರರಿಗಿಂತ ಮುಂಚೆ ಪ್ರೇಕ್ಷಕನಿಗೆ ಗೊತ್ತಿರಬೇಕು. ಈ ಪ್ರಕಾರದ ಒಳ್ಳೆಯ ಚಿತ್ರಗಳೆಲ್ಲ ನಿಂತಿರುವುದು ಈ ಅರಿವಿನ ಮೇಲೆ ಎಂದು ನನಗೆ ಅನ್ನಿಸುತ್ತದೆ.

ಜೋಡಿ ಮೊದಲು ಬಂತು, ಹಳೇ ಕಾಲ ಆಮೇಲೆ. 1934ರ ‘ದಿ ಥಿನ್ ಮ್ಯಾನ್’ನಲ್ಲಿ ನಿಕ್ ಮತ್ತು ನೋರಾ ಗಂಡ ಹೆಂಡತಿ. ಜೊತೆಗೆ ಆಸ್ಟಾ ಎಂಬ ನಾಯಿ. ಸ್ವತಃ ಪಿಂಕರ್ಟನ್ ಏಜೆನ್ಸಿಯಲ್ಲಿ ಪತ್ತೇದಾರರಾಗಿದ್ದ ಡ್ಯಾಶಿಯಲ್ ಹ್ಯಾಮೆಟ್ ಅವರ ಕಾದಂಬರಿಯನ್ನು ಆಧರಿಸಿದ ಚಿತ್ರ ಅದು. ವಿಲಿಯಂ ಪವೆಲ್ ಮತ್ತು ಮಿರ್ನಾ ಲಾಯ್ ಗ್ಲಾಸು ಕೆಳಗಿಡದೆ ಕೊಲೆಗಾರನನ್ನು ಹಿಡಿಯುತ್ತಾರೆ. ಅಮೆರಿಕದ ಪಾನನಿಷೇಧ ಮುಗಿದದ್ದು 1933ರ ಡಿಸೆಂಬರಿನಲ್ಲಿ. ಚಿತ್ರ ಬಂದದ್ದು ಅದಾಗಿ ಆರು ತಿಂಗಳೊಳಗೆ. ಆ ಗ್ಲಾಸಿಗೇ ಅರ್ಧ ನಗು ಸಂದಿರಬೇಕು! 1947ರ ಹೊತ್ತಿಗೆ ಸರಣಿಯಲ್ಲಿ ಆರು ಚಿತ್ರಗಳಾದವು. ಆದರೆ ಅಷ್ಟರಲ್ಲಿ ಒಂಟಿ ಪತ್ತೇದಾರ ಬಂದು ಜಾಗ ಹಿಡಿದಿದ್ದ. ಜಾನ್ ಹ್ಯೂಸ್ಟನ್ ಅವರ ‘ದಿ ಮಾಲ್ಟೀಸ್ ಫಾಲ್ಕನ್’ (1941), ಹಾವರ್ಡ್ ಹಾಕ್ಸ್ ಅವರ ‘ದಿ ಬಿಗ್ ಸ್ಲೀಪ್’ (1946), ಎರಡರಲ್ಲೂ ಹಂಫ್ರಿ ಬೋಗಾರ್ಟ್. ಅವನಿಗೆ ಮಾತಿನ ಚಾಟಿ ಇತ್ತು, ಜೊತೆಗಾರ ಇರಲಿಲ್ಲ. ‘ಫಾಲ್ಕನ್’ನಲ್ಲಿ ಇದ್ದೊಬ್ಬ ಪಾಲುದಾರನೂ ಕಥೆ ಶುರುವಾಗುತ್ತಿದ್ದಂತೆ ಗುಂಡೇಟಿಗೆ ಸಾಯುತ್ತಾನೆ.

ಎಪ್ಪತ್ತರ ದಶಕದಲ್ಲಿ ಈ ಒಂಟಿಯನ್ನು ಎಳೆದು ತಂದು ಪರೀಕ್ಷೆಗೆ ಒಡ್ಡಿದರು. ರಾಬರ್ಟ್ ಆಲ್ಟ್‌ಮನ್ ಅವರ ‘ದಿ ಲಾಂಗ್ ಗುಡ್‌ಬೈ’ಯಲ್ಲಿ (1973) ಊರು ಆ ಹೊತ್ತಿನದೇ, ಪತ್ತೇದಾರ ಮಾತ್ರ ಹಿಂದಿನ ಕಾಲದವನು. ನಲವತ್ತರ ದಶಕದ ಕಾರು ಓಡಿಸುತ್ತಾನೆ, ಎಲ್ಲೆಂದರಲ್ಲಿ ಬೆಂಕಿಕಡ್ಡಿ ಗೀರುತ್ತಾನೆ, ಅವನ ಬೆಕ್ಕು ಕೂಡ ಅವನ ಮಾತು ಕೇಳುವುದಿಲ್ಲ. ಚಿತ್ರಕಥೆ ಬರೆದ ಲೀ ಬ್ರಾಕೆಟ್, ಇದೇ ಪತ್ತೇದಾರನಿದ್ದ ‘ದಿ ಬಿಗ್ ಸ್ಲೀಪ್’ನ ಬರಹಗಾರರಲ್ಲೂ ಒಬ್ಬರಾಗಿದ್ದವರು. ತಾವೇ ಕಟ್ಟಿದ ನಾಯಕನನ್ನು ತಾವೇ ಕೆಡವುವ ಅವಕಾಶ ಎಲ್ಲ ಲೇಖಕರಿಗೂ ಸಿಗುವುದಿಲ್ಲ.

ಅದೇ ವರ್ಷದ ‘ದಿ ಸ್ಟಿಂಗ್’ ಜೋಡಿಯನ್ನೂ ಹಳೇ ಕಾಲವನ್ನೂ ಒಟ್ಟಿಗೆ ಕೂರಿಸಿ ಏಳು ಆಸ್ಕರ್ ಗೆದ್ದಿತು. 1936ರ ಷಿಕಾಗೊ, ಪಾಲ್ ನ್ಯೂಮನ್, ರಾಬರ್ಟ್ ರೆಡ್‌ಫೋರ್ಡ್. ಇಲ್ಲಿ ಇವರು ಪತ್ತೇದಾರರಲ್ಲ, ಟೋಪಿ ಹಾಕುವವರು. ಚಿತ್ರದುದ್ದಕ್ಕೂ ಕೇಳುವ ಸ್ಕಾಟ್ ಜಾಪ್ಲಿನ್ ಅವರ ರ‍್ಯಾಗ್‌ಟೈಮ್ ಸಂಗೀತದ ಅಬ್ಬರ 1936ಕ್ಕೆ ಎಂದೋ ಮುಗಿದಿತ್ತು. ಜಾಪ್ಲಿನ್ ತೀರಿಕೊಂಡದ್ದೇ 1917ರಲ್ಲಿ. ಯಾರೂ ಗೊಣಗಲಿಲ್ಲ. ಹಳೆಯದು ಎಂಬ ಭಾವ ಬಂದರೆ ಸಾಕು, ಇಸವಿ ಯಾರು ಕೇಳುತ್ತಾರೆ ಎಂಬ ಧೈರ್ಯ ಆಗ ಬಂದದ್ದು. 2015ರಲ್ಲಿ ದಿಬಾಕರ್ ಬ್ಯಾನರ್ಜಿ ನಲವತ್ತರ ದಶಕದ ಕಲ್ಕತ್ತೆಯ ಪತ್ತೇದಾರ ಬ್ಯೋಮಕೇಶನ ಬೆನ್ನಿಗೆ ಇಂದಿನ ರಾಕ್ ಸಂಗೀತ ಕಟ್ಟಿದ್ದೂ ಅದೇ ಧೈರ್ಯದಿಂದ.

ಆದರೆ ದಾರಿ ತೋರಿದ್ದು ನಗುವೇ ಇಲ್ಲದ ಚಿತ್ರ. ರಾಬರ್ಟ್ ಟೌನ್ ಬರೆದು ರೋಮನ್ ಪೋಲನ್ಸ್‌ಕಿ ನಿರ್ದೇಶಿಸಿದ ‘ಚೈನಾಟೌನ್’ (1974). ಓವೆನ್ಸ್ ಕಣಿವೆಯ ನೀರನ್ನು ಲಾಸ್ ಏಂಜಲೀಸ್ ತನ್ನತ್ತ ಹರಿಸಿಕೊಂಡ ಕಾಲುವೆ ಪೂರ್ತಿಯಾದದ್ದು 1913ರಲ್ಲಿ. ಟೌನ್ ಆ ಕಥೆಯ ಸಾರ ಹೀರಿ 1937ಕ್ಕೆ ತಂದು ಇಟ್ಟರು. ಗಂಡನ ಮೇಲೆ ಅನುಮಾನವಿದೆ ಎಂದು ಬಂದ ಹೆಂಗಸಿನ ಚಿಲ್ಲರೆ ಕೇಸು ಹಿಡಿದು ಹೊರಟ ಜೇಕ್ ಗಿಟ್ಟಿಸ್, ಬರಗಾಲದಲ್ಲಿ ರಾತ್ರೋರಾತ್ರಿ ನೀರು ಹೊರಕ್ಕೆ ಬಿಡುವುದನ್ನೂ, ಕಣಿವೆಯ ಜಮೀನು ಕಾಸಿನ ಬೆಲೆಗೆ ಕೈ ಬದಲಾಗುವುದನ್ನೂ ಪತ್ತೆ ಮಾಡುತ್ತಾನೆ. ಎಲ್ಲವನ್ನೂ ತಿಳಿದುಕೊಳ್ಳುತ್ತಾನೆ, ಏನನ್ನೂ ತಡೆಯಲಾರ. ಊರನ್ನೇ ನುಂಗುವ ಮುದುಕ ನೋವಾ ಕ್ರಾಸ್ ಪಾತ್ರ ಮಾಡಿದವರು ‘ಮಾಲ್ಟೀಸ್ ಫಾಲ್ಕನ್’ನ ನಿರ್ದೇಶಕ ಹ್ಯೂಸ್ಟನ್. ಕೊಲೆ ಬರೀ ನೆಪ, ಊರು ಕಟ್ಟಿದ ರೀತಿಯೇ ನಿಜವಾದ ಪಾತಕ ಎಂಬ ಸೂತ್ರವನ್ನು ಈ ಚಿತ್ರ ಕೊಟ್ಟಿತು. ಮುಂದಿನವರು ಮಾಡಿದ್ದಿಷ್ಟೆ: ಗಿಟ್ಟಿಸ್‌ಗೆ ಇಲ್ಲದಿದ್ದ ಜೊತೆಗಾರನನ್ನು ಕೊಟ್ಟರು. ಒಬ್ಬನೇ ಸೋತರೆ ದುರಂತ. ಇಬ್ಬರು ಸೋತು, ತಪ್ಪು ನಿನ್ನದು ನಿನ್ನದು ಎಂದು ಜಗಳವಾಡುತ್ತ ಮನೆಗೆ ಬಂದರೆ ಅದು ಬೇರೆಯೇ ಆಟ.

1977ರಲ್ಲಿ, ಮಾರ್ಚ್ ಮತ್ತು ಹೀಲಿ ಓಡಾಡಿದರೆಂದು ಬ್ಲ್ಯಾಕ್ ಕಲ್ಪಿಸಿಕೊಂಡ ಅದೇ ವರ್ಷದಲ್ಲಿ, ಅದೇ ಊರಿನಲ್ಲಿ ನಡೆಯುವ ‘ದಿ ಲೇಟ್ ಶೋ’ ಬಂತು. ಕಿವಿಗೆ ಯಂತ್ರ, ಹೊಟ್ಟೆಯಲ್ಲಿ ಹುಣ್ಣು ಇಟ್ಟುಕೊಂಡ ಮುದಿ ಪತ್ತೇದಾರ ಆರ್ಟ್ ಕಾರ್ನಿ. ಕಳೆದುಹೋದ ಬೆಕ್ಕನ್ನು ಹುಡುಕಿಕೊಡಿ ಎಂದು ಬರುವ ಬಡಬಡಿಕೆಯ ಲಿಲಿ ಟಾಮ್ಲಿನ್. ರಾಬರ್ಟ್ ಬೆಂಟನ್ ಬರೆದು ನಿರ್ದೇಶಿಸಿದ ಈ ಚಿತ್ರವನ್ನು ಇವತ್ತು ನೆನೆಯುವವರು ಕಡಿಮೆ. ನೋಡಿದವರಿಗೆ ‘ನೈಸ್ ಗೈಸ್’ನ ಬೇರು ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ.

ಎಂಬತ್ತರ ದಶಕದಲ್ಲಿ ಜೋಡಿಗೆ ಕಾಸು ಹುಟ್ಟತೊಡಗಿತು. ವಾಲ್ಟರ್ ಹಿಲ್ ಅವರ ‘48 ಅವರ್ಸ್’ (1982), ರಿಚರ್ಡ್ ಡಾನರ್ ಅವರ ‘ಲೀಥಲ್ ವೆಪನ್’ (1987). ಎರಡಕ್ಕೂ ಜೋಯೆಲ್ ಸಿಲ್ವರ್ ನಿರ್ಮಾಪಕರು. ಎರಡನೆಯದನ್ನು ಬರೆದಾಗ ಶೇನ್ ಬ್ಲ್ಯಾಕ್‌ಗೆ ಇನ್ನೂ ಇಪ್ಪತ್ತರ ಮೊದಲರ್ಧ. ಹೀಗೆ ಜೋಡಿ ಓಡುತ್ತಿರುವಾಗ ಅದನ್ನು 1933ರ ಕನ್ಸಾಸ್ ಸಿಟಿಗೆ ಒಯ್ದರೆ ಇನ್ನೂ ಓಡೀತು ಎಂದುಕೊಂಡವರು ‘ಸಿಟಿ ಹೀಟ್’ (1984) ಮಾಡಿದರು. ಕ್ಲಿಂಟ್ ಈಸ್ಟ್‌ವುಡ್ ಪೊಲೀಸ್, ಬರ್ಟ್ ರೆನಾಲ್ಡ್ಸ್ ಖಾಸಗಿ ಪತ್ತೇದಾರ. ಹ್ಯಾಟು, ಟಾಮಿ ಗನ್, ಜಾಜ್ ಎಲ್ಲವೂ ಇವೆ. ಆದರೆ ಅಲ್ಲಿ ನಡೆಯುವ ಅಪರಾಧಕ್ಕೆ 1933ರ ಹಂಗೇ ಇಲ್ಲ. ಇಪ್ಪತ್ತು ವರ್ಷದ ಮೇಲೆ ಬಂದ ‘ಸ್ಟಾರ್ಸ್‌ಕಿ ಅಂಡ್ ಹಚ್’ (2004) ಕಥೆಯೂ ಅಷ್ಟೆ: ಎಪ್ಪತ್ತರ ದಶಕದ ಟಿವಿ ಧಾರಾವಾಹಿಯ ಕೆಂಪು ಕಾರನ್ನು ಗ್ಯಾರೇಜಿನಿಂದ ಹೊರಗೆ ತಂದು ಒರೆಸಿದರು, ಅಷ್ಟಕ್ಕೇ ನಿಂತಿತು.

ಸರಿಯಾದ ಹದ ಸಿಕ್ಕಿದ್ದು ಯಾರೂ ನಿರೀಕ್ಷಿಸದ ಕಡೆ, ಒಂದು ಮೊಲದ ಕೈಯಲ್ಲಿ. ರಾಬರ್ಟ್ ಜೆಮೆಕಿಸ್ ಅವರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ (1988) ನಡೆಯುವುದು 1947ರ ಲಾಸ್ ಏಂಜಲೀಸ್‌ನಲ್ಲಿ. ಎಡ್ಡಿ ವೇಲಿಯಂಟ್ ಕುಡುಕ ಪತ್ತೇದಾರ, ಅವನ ಸಹೋದರನನ್ನು ಕೊಂದದ್ದು ಒಂದು ಕಾರ್ಟೂನ್ ಪಾತ್ರ. ಆದ್ದರಿಂದ ಕಾರ್ಟೂನ್ ಎಂದರೆ ಅವನಿಗೆ ಆಗದು. ಅಂಥವನ ಕೊರಳಿಗೆ ಬೀಳುವುದು ರೋಜರ್ ಎಂಬ ಕಾರ್ಟೂನ್ ಮೊಲ. ಮಕ್ಕಳು ಮೊಲ ನೋಡಿ ನಗುವಾಗ ದೊಡ್ಡವರ ಮುಂದೆ ‘ಚೈನಾಟೌನ್’ ಮತ್ತೊಮ್ಮೆ ನಡೆಯುತ್ತಿರುತ್ತದೆ. ನೀರಿನ ಜಾಗದಲ್ಲಿ ಈಗ ಟ್ರಾಮು. ಜಡ್ಜ್ ಡೂಮ್ ಊರಿನ ಕೆಂಪು ಟ್ರಾಮುಗಳನ್ನು ಕೊಂಡುಕೊಳ್ಳುವುದು ಮುಚ್ಚುವುದಕ್ಕಾಗಿ. ಕಾರ್ಟೂನ್ ಪಾತ್ರಗಳು ವಾಸಿಸುವ ಟೂನ್‌ಟೌನನ್ನು ನೆಲಸಮ ಮಾಡಿ ಫ್ರೀವೇ ಹಾಕುವುದು ಅವನ ಹಂಚಿಕೆ. ಪುಡಿಗಾಸಿಗೆ ಟ್ರಾಮು ಸಿಗುವಾಗ ಆ ರಸ್ತೆಗೆ ಯಾರು ಬರುತ್ತಾರೆ ಎಂದು ಎಡ್ಡಿ ನಗುತ್ತಾನೆ. ಚಿತ್ರದಲ್ಲಿ ಡೂಮ್ ಸಾಯುತ್ತಾನೆ, ಟೂನ್‌ಟೌನ್ ಉಳಿಯುತ್ತದೆ. ಥಿಯೇಟರಿನಿಂದ ಹೊರಬಂದ ಆ ಊರಿನವರು ಮಾತ್ರ ಫ್ರೀವೇ ಹಿಡಿದೇ ಮನೆ ಸೇರಬೇಕಿತ್ತು.

ಇದಕ್ಕೆ ಹಿನ್ನೆಲೆಯಾದ ನಿಜ ಇನ್ನೂ ವಿಚಿತ್ರ. ಊರೂರಿನ ಟ್ರಾಮು ಕಂಪನಿಗಳನ್ನು ಕೊಂಡು ಬಸ್ಸು ಓಡಿಸುತ್ತಿದ್ದ ನ್ಯಾಷನಲ್ ಸಿಟಿ ಲೈನ್ಸ್‌ಗೆ ಬಸ್ಸು, ಟೈರು, ಇಂಧನ ಎಲ್ಲವನ್ನೂ ತಾವೇ ಮಾರಲು ಒಳಸಂಚು ನಡೆಸಿದ್ದಕ್ಕೆ ಜನರಲ್ ಮೋಟರ್ಸ್, ಫೈರ್‌ಸ್ಟೋನ್ ಮುಂತಾದ ಕಂಪನಿಗಳು 1949ರಲ್ಲಿ ಷಿಕಾಗೊದ ಫೆಡರಲ್ ನ್ಯಾಯಾಲಯದಲ್ಲಿ ತಪ್ಪಿತಸ್ಥರೆನಿಸಿದವು. ಕಂಪನಿಗೆ 5,000 ಡಾಲರ್ ದಂಡ, ಅಧಿಕಾರಿಗೆ 1 ಡಾಲರ್. ಟ್ರಾಮು ಸತ್ತದ್ದು ಈ ಸಂಚಿನಿಂದಲೇ ಎನ್ನುವುದನ್ನು ಅನೇಕ ಇತಿಹಾಸಕಾರರು ಒಪ್ಪುವುದಿಲ್ಲ. ಲಾಸ್ ಏಂಜಲೀಸ್‌ನಲ್ಲಿ ನ್ಯಾಷನಲ್ ಸಿಟಿ ಲೈನ್ಸ್ 1945ರಲ್ಲಿ ಕೊಂಡದ್ದು ಹಳದಿ ಟ್ರಾಮುಗಳನ್ನೇ ಹೊರತು ಚಿತ್ರದ ಕೆಂಪು ಟ್ರಾಮುಗಳನ್ನಲ್ಲ. ಇರಲಿ, 1 ಡಾಲರ್ ದಂಡವನ್ನು ಗಂಭೀರ ನಾಟಕವಾಗಿ ಬರೆಯುವುದು ಯಾರಿಂದ ಸಾಧ್ಯ?

ಹಳೇ ಕಾಲದ ಮೋಹಕ್ಕೆ ಒಂದು ತಿರುಗೇಟೂ ಬಂತು. ವಾಲ್ಟರ್ ಮೋಸ್ಲಿ ಕಾದಂಬರಿಯನ್ನು ಕಾರ್ಲ್ ಫ್ರಾಂಕ್ಲಿನ್ ತೆರೆಗೆ ತಂದ ‘ಡೆವಿಲ್ ಇನ್ ಎ ಬ್ಲೂ ಡ್ರೆಸ್’ (1995) ಹಾಸ್ಯಚಿತ್ರವಲ್ಲ. ಆದರೂ ಈ ಸಾಲಿನಲ್ಲಿ ಅದನ್ನು ಬಿಡುವಂತಿಲ್ಲ. 1948ರ ಅದೇ ಊರು. ವಿಮಾನ ಕಾರ್ಖಾನೆಯ ಕೆಲಸ ಕಳೆದುಕೊಂಡ ಕಪ್ಪು ಯುವಕ ಈಜಿ ರಾಲಿನ್ಸ್ ಮನೆಸಾಲದ ಕಂತು ಕಟ್ಟಲು ಪತ್ತೇದಾರನಾಗುತ್ತಾನೆ. ಬಿಳಿಯರ ಬೀದಿಯಲ್ಲಿ ಸುಮ್ಮನೆ ನಿಲ್ಲುವುದೂ ಅವನಿಗೆ ಅಪಾಯ. ಡೆಂಜೆಲ್ ವಾಷಿಂಗ್ಟನ್ ಅದನ್ನು ಕುತ್ತಿಗೆಯ ಬಿಗಿಯಲ್ಲೇ ತೋರಿಸುತ್ತಾರೆ. ಜೊತೆಗಾರ ಮೌಸ್ ಆಗಿ ಡಾನ್ ಚೀಡಲ್. ಒಬ್ಬ ಸೆರೆಯಾಳನ್ನು ಇವನ ವಶಕ್ಕೆ ಬಿಟ್ಟು ಹೋದ ಈಜಿ ಬರುವಷ್ಟರಲ್ಲಿ ಆತ ಹೆಣ. ಕೊಲ್ಲಬಾರದು ಅಂತಿದ್ದರೆ ನನ್ನ ಹತ್ತಿರ ಯಾಕೆ ಬಿಟ್ಟುಹೋದೆ ಎಂಬರ್ಥದಲ್ಲಿ ಮೌಸ್ ಕೇಳುತ್ತಾನೆ, ಅಷ್ಟೇ ಮುಗ್ಧವಾಗಿ. ನಕ್ಕ ಮೇಲೆ ನಕ್ಕದ್ದಕ್ಕೆ ಇರಿಸುಮುರಿಸಾಗುತ್ತದೆ. ಎಲ್ಲರಿಗೂ ಹಳೇ ಕಾಲ ಸೊಗಸಾಗಿರಲಿಲ್ಲ ಎನ್ನುವುದನ್ನು ಇಷ್ಟು ಚೊಕ್ಕವಾಗಿ ಹೇಳಿದ ಪತ್ತೇದಾರಿ ಚಿತ್ರ ಇನ್ನೊಂದಿಲ್ಲ.

ಬ್ಲ್ಯಾಕ್ ಈ ಎಲ್ಲ ಎಳೆಗಳನ್ನೂ ಬಲ್ಲವರು. ಅವರು ಮೊದಲು ನಿರ್ದೇಶಿಸಿದ ‘ಕಿಸ್ ಕಿಸ್ ಬ್ಯಾಂಗ್ ಬ್ಯಾಂಗ್’ (2005) ಇಂದಿನ ಕಾಲದ್ದೇ ಆದರೂ ಅದರ ಅಧ್ಯಾಯಗಳಿಗೆ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಕೃತಿಗಳ ಹೆಸರು. ಆಂಥನಿ ಬಗರೋಜಿ ಜೊತೆ ಬರೆದ ‘ನೈಸ್ ಗೈಸ್’ ವರ್ಷಗಟ್ಟಲೆ ಕಪಾಟಿನಲ್ಲಿ ಕೂತಿತ್ತು. ನಡುವೆ ಟಿವಿ ಸರಣಿಯಾಗಿಸುವ ಯತ್ನವೂ ನಡೆದಿತ್ತು. ಕಥೆಯ ಗುಟ್ಟು ಸಿಲುಕಿರುವುದು ಒಂದು ನೀಲಿಚಿತ್ರದ ರೀಲಿನಲ್ಲಿ. ಕಾರಿನ ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಬರದಂತೆ ಡೆಟ್ರಾಯಿಟ್ ಕಂಪನಿಗಳು ಕೈಜೋಡಿಸಿವೆ, ಅದರ ವಿವರವೆಲ್ಲ ಆ ರೀಲಿನಲ್ಲಿದೆ. ಅದನ್ನು ಮುಚ್ಚಿಹಾಕಲು ಹೊರಟವಳು ನ್ಯಾಯ ಇಲಾಖೆಯ ಹಿರಿಯ ಅಧಿಕಾರಿ, ಅಮೀಲಿಯಾಳ ತಾಯಿ. ಆ ಪಾತ್ರದಲ್ಲಿ ಕಿಮ್ ಬೇಸಿಂಗರ್. 1953ರ ಲಾಸ್ ಏಂಜಲೀಸ್ ತೋರಿಸಿದ ‘ಎಲ್.ಎ. ಕಾನ್ಫಿಡೆನ್ಷಿಯಲ್’ನಲ್ಲಿ (1997) ಕ್ರೋ ಜೊತೆ ನಟಿಸಿದ್ದವರು.

ಕಥೆ ಕಟ್ಟಿದ್ದು ಅನ್ನಿಸಬಹುದು. ಆದರೆ 1969ರ ಜನವರಿಯಲ್ಲಿ ಅಮೆರಿಕದ ನ್ಯಾಯ ಇಲಾಖೆ ದೊಡ್ಡ ಕಾರು ಕಂಪನಿಗಳ ಮೇಲೆ ದಾವೆ ಹೂಡಿ, ಹೊಗೆ ನಿಯಂತ್ರಕಗಳನ್ನು 1953ರಿಂದಲೂ ಒಟ್ಟುಗೂಡಿ ತಡೆಯುತ್ತ ಬಂದಿವೆ ಎಂದು ಆರೋಪಿಸಿತ್ತು. ವಿಚಾರಣೆಯಿಲ್ಲದೆ ಅದೇ ವರ್ಷ ರಾಜಿಯಲ್ಲಿ ಮುಗಿಯಿತು. ಕನ್ವರ್ಟರ್ 1975ರ ಮಾದರಿಯ ಕಾರುಗಳಲ್ಲೇ ಬಂದಿತ್ತು, ಹಾಗಾಗಿ ಬ್ಲ್ಯಾಕ್ ಅವರ 1977 ಎರಡು ವರ್ಷ ತಡ. ಚಿತ್ರದ ಕೊನೆಯಲ್ಲಿ ತಾಯಿ ಸಿಕ್ಕಿಬೀಳುತ್ತಾಳೆ, ಕಂಪನಿಗಳು ಕೈತೊಳೆದುಕೊಳ್ಳುತ್ತವೆ. ಊರಿನ ಗಾಳಿ ಮುಂದೆ ಬಹಳಷ್ಟು ತಿಳಿಯಾಯಿತು, 2009ರಲ್ಲಿ ಜನರಲ್ ಮೋಟರ್ಸ್ ಮತ್ತು ಕ್ರೈಸ್ಲರ್ ದಿವಾಳಿ ಅರ್ಜಿ ಹಾಕಿದವು. ಮಾರ್ಚ್ ಮತ್ತು ಹೀಲಿಗೆ ಇದಾವುದೂ ಗೊತ್ತಿಲ್ಲ, ನಮಗೆ ಗೊತ್ತು.

ಗಾಸ್ಲಿಂಗ್ ಹೆಣ ಕಂಡು ಬಾಯಿಂದ ಸದ್ದೇ ಹೊರಡದೆ ಒದ್ದಾಡುವ ದೃಶ್ಯವನ್ನು ಮೂಕಿ ಕಾಲದ ಯಾವ ನಟನಾದರೂ ಮೆಚ್ಚುತ್ತಿದ್ದ. ಆದರೆ ಚಿತ್ರದ ಜೀವ ಮಾರ್ಚ್‌ನ ಹದಿಮೂರರ ಆಸುಪಾಸಿನ ಮಗಳು ಹಾಲಿ, ಆಂಗೌರಿ ರೈಸ್. ಅಪ್ಪನ ಕಾರು ಓಡಿಸುತ್ತಾಳೆ, ಸುಳಿವು ಹಿಡಿಯುತ್ತಾಳೆ, ಹೀಲಿ ಕೊಲ್ಲಲು ಕೈಯೆತ್ತಿದರೆ ತಡೆಯುತ್ತಾಳೆ. ಇಬ್ಬರು ಗಂಡಸರ ನಡುವೆ ದೊಡ್ಡವರ ಕೆಲಸ ಮಾಡುವವಳು ಅವಳೊಬ್ಬಳೇ. ಸುಮಾರು 5 ಕೋಟಿ ಡಾಲರ್ ಖರ್ಚಿನ ಚಿತ್ರ ಜಗತ್ತಿನಾದ್ಯಂತ 6 ಕೋಟಿಯಷ್ಟು ಗಳಿಸಿ ನಿಂತಿತು. ಬಿಡುಗಡೆಯಾದ ವಾರವೇ ‘ಆಂಗ್ರಿ ಬರ್ಡ್ಸ್’ ಎದುರಾಗಿತ್ತು. ಎರಡನೇ ಭಾಗ ಬರಲಿಲ್ಲ.

ಹೊರಗಿನ ಊರುಗಳು ಈ ಆಟವನ್ನು ತಮ್ಮ ತಮ್ಮ ರೀತಿಯಲ್ಲಿ ಆಡಿದವು. ಕೊರಿಯಾದ ‘ಡಿಟೆಕ್ಟಿವ್ ಕೆ’ (2011) ಜೋಸೊನ್ ಅರಸರ ಕಾಲಕ್ಕೆ ಹೋಗಿ ಇನ್ನೆರಡು ಭಾಗಗಳನ್ನು ಕಂಡಿತು. ಇಂಗ್ಲೆಂಡಿನ ‘ಸೀ ಹೌ ದೇ ರನ್’ (2022) 1953ರ ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕದ ಸುತ್ತ ಕೊಲೆ ಹೆಣೆಯಿತು. ಆ ನಾಟಕ ನಿಲ್ಲುವವರೆಗೆ ಅದನ್ನು ಸಿನಿಮಾ ಮಾಡುವಂತಿಲ್ಲ ಎಂಬ ನಿಜವಾದ ಕರಾರೇ ಅದರ ತಮಾಷೆಯ ತಿರುಳು.

ಕನ್ನಡದಲ್ಲಿ ಜಯತೀರ್ಥ ನಿರ್ದೇಶನದ ‘ಬೆಲ್ ಬಾಟಂ’ (2019) ಬಂತು. ಟಿ.ಕೆ. ದಯಾನಂದ್ ಕಥೆ, ಎಂಬತ್ತರ ದಶಕ, ಪತ್ತೇದಾರನಾಗುವ ಹುಚ್ಚಿನ ದಿವಾಕರನಾಗಿ ರಿಷಬ್ ಶೆಟ್ಟಿ. ಪೊಲೀಸ್ ಠಾಣೆಯಲ್ಲಿಟ್ಟ ಹಣವೇ ಕಳವಾಗುವ ಕಲ್ಪನೆ ಚುರುಕಾಗಿದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಓದಿದ ತಲೆಮಾರಿಗೆ ಆ ದಿವಾಕರ ಗುರುತಿನವನೇ. ಆದರೆ ಅದು ಜೋಡಿಯ ಚಿತ್ರವಲ್ಲ, ದಿವಾಕರನೊಬ್ಬನದು. ಅಲ್ಲಿನ ಅಪರಾಧವನ್ನು ಇಂದಿಗೆ ತಂದರೂ ನಡೆದೀತು. ನಮ್ಮಲ್ಲಿ ಸರಕಿಗೇನೂ ಬರವಿಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಆ ಕೆರೆಗಳು ಮಾಯವಾದ ಕಾಲದಲ್ಲಿ ಕೆರೆಯೊಂದು ಕಳುವಾಗಿದೆ ಎಂಬ ದೂರು ಹಿಡಿದು ಹೊರಡಲು ಒಬ್ಬ ಕಾನ್‌ಸ್ಟೇಬಲ್ ಮತ್ತು ಅವನೊಂದಿಗೆ ಮಾತು ಬಿಟ್ಟ ಒಬ್ಬ ಸರ್ವೇಯರ್ ಸಾಕು. ಸರ್ವೇಯರ್‌ಗೆ ಈಜು ಬರಬಾರದು ಎನ್ನುವುದೊಂದೇ ನನ್ನ ಕೋರಿಕೆ.